ಎಂಟು ತಿಂಗಳಾದರೂ ಮೀನು ಅಂಗೈ ಅಗಲ ದಾಟಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ನಮ್ಮದು 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡ. ಒಳಗೆಲ್ಲ ಪ್ಲಾಸ್ಟಿಕ್ ಹಾಸಿದ್ದೇವೆ. ಕಾಟ್ಲಾ, ರೋಹು, ಮೃಗಾಲ್ ಸೇರಿಸಿ 2000 ಮರಿ ಬಿಟ್ಟೆವು. ದಿನಾ ಬೆಳಿಗ್ಗೆ ಅರ್ಧ ಕೆ.ಜಿ. ಅಕ್ಕಿ ತೌಡು ಎರಚುತ್ತೇನೆ. ಎಂಟು ತಿಂಗಳಾಯ್ತು, ಬಲೆ ಬೀಸಿ ತೂಗಿದರೆ ಒಂದೊಂದು ಮೀನು 80 ಗ್ರಾಂ. ಮರಿಯೇ ಸರಿ ಇಲ್ಲ ಅಂತಾರೆ ಅಕ್ಕಪಕ್ಕದವರು. ಎಲ್ಲ ತೆಗೆದುಹಾಕಿ ಹೊಸ ಮರಿ ತರಲಾ?
– ಓದುಗರು, ತುರುವೇಕೆರೆ

ಉತ್ತರ: ದಯವಿಟ್ಟು ತೆಗೆದುಹಾಕಬೇಡಿ. ನಿಮ್ಮ ಮೀನಿಗೆ ಜಾಗವೂ ಸಾಲುತ್ತಿಲ್ಲ, ಊಟವೂ ಸಾಲುತ್ತಿಲ್ಲ. ಮರಿಯ ಮೇಲೆ ತಪ್ಪು ಹಾಕುವ ಮುಂಚೆ ಈ ಎರಡು ಲೆಕ್ಕ ನೋಡಿಬಿಡಿ.

ಮೊದಲು ಜಾಗ. ನಿಮ್ಮ ಹೊಂಡ ಸುಮಾರು 440 ಚದರ ಮೀಟರ್. ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಮೀನು ಸಾಕುವಾಗ ಒಂದು ಹೆಕ್ಟೇರಿಗೆ 5000ದಿಂದ 10,000 ಮರಿ ಬಿಡುವುದು ವಾಡಿಕೆ, ಅಂದರೆ ಜಾಸ್ತಿ ಅಂದರೂ ಚದರ ಮೀಟರಿಗೆ ಒಂದು. ನಿಮ್ಮಲ್ಲಿ 400 ಇರಬೇಕಿತ್ತು. ಒಂದು ಮನೆಯಲ್ಲಿ ಐದು ಮನೆ ಜನ ಇದ್ದ ಹಾಗಾಗಿದೆ, ಅಲ್ವಾ?

ಇನ್ನು ಊಟ. 2000ದಲ್ಲಿ 1500 ಉಳಿದಿವೆ ಅಂದುಕೊಂಡರೂ 80 ಗ್ರಾಂ ಲೆಕ್ಕದಲ್ಲಿ ನೀರಿನಲ್ಲಿ 120 ಕೆ.ಜಿ. ಮೀನು ಇದೆ. ಈ ಗಾತ್ರದ ಮೀನಿಗೆ ದಿನಕ್ಕೆ ತನ್ನ ತೂಕದ ಶೇ. 3ರಿಂದ 4ರಷ್ಟು ಆಹಾರ ಬೇಕು, ಅಂದರೆ ಹತ್ತಿರ ಹತ್ತಿರ ನಾಲ್ಕು ಕೆ.ಜಿ. ನೀವು ಹಾಕಿದ್ದು ಅರ್ಧ ಕೆ.ಜಿ., ಅದೂ ಬರೀ ತೌಡು. ತೌಡಿನಿಂದ ಶಕ್ತಿ ಸಿಗುತ್ತದೆ, ಆದರೆ ಮೈ ಕಟ್ಟುವ ಪ್ರೋಟೀನ್ ಅದರಲ್ಲಿ ಕಡಿಮೆ. ಗೆಂಡೆಗೆ ಆಹಾರದಲ್ಲಿ ಶೇ. 25ರಿಂದ 30 ಪ್ರೋಟೀನ್ ಇರಬೇಕು. ಅದಕ್ಕೇ ತೌಡು ಎಷ್ಟೋ ಅಷ್ಟೇ ಕಡಲೆಕಾಯಿ ಹಿಂಡಿ ಬೆರೆಸುವುದು. ಹಿಂಡಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ತೌಡಿನ ಜೊತೆ ಉಂಡೆ ಕಟ್ಟಿ. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕರೂ ಬೇಡವೇ ಬೇಡ, ಅದರಲ್ಲಿ ವಿಷ ಇರುತ್ತದೆ. ಸುಮ್ನೆ ಎರಚಿದರೆ ಅರ್ಧ ನೀರುಪಾಲು. ಆಂಧ್ರದ ರೈತರು ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಸಣ್ಣ ಸಣ್ಣ ತೂತು ಮಾಡಿ, ಆಹಾರ ತುಂಬಿ, ಬಿದಿರಿನ ಗಳಕ್ಕೆ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಮೀನು ಬಂದು ಚೀಲ ಚೀಪುತ್ತದೆ. ಎಷ್ಟು ತಿಂದಿವೆ ಅಂತ ನಿಮಗೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಕಾಟ್ಲಾ ನಾವು ಹಾಕಿದ್ದನ್ನು ತಿನ್ನುವುದಕ್ಕಿಂತ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿ ತಿನ್ನುವುದೇ ಜಾಸ್ತಿ. ರೋಹು ನಡುನೀರಿನದು. ಮೃಗಾಲ್ ತಳದಲ್ಲಿ ಕೆಸರು, ಕೊಳೆತ ಎಲೆ ಕೆದಕಿ ಬದುಕುವ ಮೀನು. ನಿಮ್ಮ ಹೊಂಡದ ತಳ ಪ್ಲಾಸ್ಟಿಕ್, ಪಾಪ ಅದು ಏನನ್ನು ಕೆದಕಬೇಕು? ಮುಂದಿನ ಸಲ ಮೃಗಾಲ್ ಕಡಿಮೆ ಮಾಡಿ. ಮಣ್ಣಿಲ್ಲದ ಹೊಂಡದಲ್ಲಿ ನೀರು ತಾನಾಗಿ ಹಸಿರಾಗುವುದೂ ಕಷ್ಟ. ವಾರಕ್ಕೊಮ್ಮೆ ಹತ್ತು ಕೆ.ಜಿ. ಹಸುವಿನ ಸಗಣಿ ನೀರಲ್ಲಿ ಕದಡಿ ಹಾಕಿ. ಆಮೇಲೆ ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ನೀರು ಹದವಾಗಿದೆ. ಆಗಲೂ ಅಂಗೈ ಚೆನ್ನಾಗಿ ಕಾಣುತ್ತಿದ್ದರೆ ನೀರಿನಲ್ಲೇ ಊಟ ಇಲ್ಲ. ಮಣಿಕಟ್ಟು ಮುಳುಗುವಷ್ಟರಲ್ಲೇ ಕಾಣದಿದ್ದರೆ ಸಗಣಿ ನಿಲ್ಲಿಸಿ. ಅಂಥ ನೀರಿನಲ್ಲಿ ಬೆಳಗಿನ ಜಾವ ಆಕ್ಸಿಜನ್ ಕಡಿಮೆಯಾಗಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ. ಹಾಗೆ ಬಾಯಿ ಬಿಡುತ್ತಿರುವ ದಿನ, ಮೋಡ ಕವಿದ ದಿನ, ಆಹಾರ ಹಾಕಬೇಡಿ. ತಿನ್ನುವುದಿಲ್ಲ, ಕೊಳೆತು ಇದ್ದ ಆಕ್ಸಿಜನ್ನೂ ಹೋಗುತ್ತದೆ.

ಈಗ ನಿಮಗೆ ಸಮಾಧಾನದ ಮಾತು. ಆಂಧ್ರದಲ್ಲಿ ಮರಿಗಳನ್ನು ಬೇಕಂತಲೇ ಒಂದು ವರ್ಷದಷ್ಟು ಕಾಲ ಒತ್ತೊತ್ತಾಗಿ, ಅರೆಹೊಟ್ಟೆಯಲ್ಲಿ ಇಡುತ್ತಾರೆ. ಆಮೇಲೆ ದೊಡ್ಡ ಕೊಳಕ್ಕೆ ಬಿಟ್ಟು ಚೆನ್ನಾಗಿ ಊಟ ಹಾಕಿದರೆ ಅವು ಹಿಂದಿನ ಬಾಕಿ ತೀರಿಸುವ ಹಾಗೆ ಸರಸರ ಬೆಳೆಯುತ್ತವೆ. ನಿಮಗೆ ಗೊತ್ತಿಲ್ಲದೆ ನೀವು ಅಂಥ ಮರಿಗಳನ್ನೇ ತಯಾರು ಮಾಡಿದ್ದೀರಿ. 400 ಮೀನು ಉಳಿಸಿಕೊಂಡು ಮಿಕ್ಕಿದ್ದನ್ನು ಬೇರೆ ಹೊಂಡ ಇರುವವರಿಗೆ ಕೊಡಿ, ದುಡ್ಡು ಬರುತ್ತದೆ. ಉಳಿದವುಗಳಿಗೆ ದಿನಕ್ಕೆ ಒಂದೂಕಾಲು ಕೆ.ಜಿ.ಯಿಂದ ಶುರು ಮಾಡಿ, ಅದರಲ್ಲಿ ಅರ್ಧ ಭಾಗ ಬೆಳಿಗ್ಗೆ, ಇನ್ನರ್ಧ ಸಂಜೆ. ತಿಂಗಳಿಗೊಮ್ಮೆ ಬಲೆ ಬೀಸಿ ಇಪ್ಪತ್ತು ಮೀನು ತೂಗಿ ಲೆಕ್ಕ ಬದಲಿಸಿ. 250 ಗ್ರಾಂ ಆದಾಗ ಮೂರು ಕೆ.ಜಿ., ಅರ್ಧ ಕೆ.ಜಿ. ಆದಾಗ ನಾಲ್ಕು ಕೆ.ಜಿ. ಚಳಿಗಾಲದಲ್ಲಿ ಮೀನಿನ ಹಸಿವು ತಗ್ಗುತ್ತದೆ, ಆಗ ಕಡಿಮೆ ಮಾಡಿ.

ಪ್ರಶ್ನೆ: ಕೋಳಿ ಅಂಗಡಿಯ ತ್ಯಾಜ್ಯ ಹಾಕಿದರೆ ಮೀನು ಬೇಗ ದಪ್ಪ ಆಗುತ್ತವೆ ಅಂತ ಗೆಳೆಯ ಹೇಳುತ್ತಾನೆ. ಪುಕ್ಕಟೆ ಸಿಗುತ್ತದೆ. ಹಾಕಬಹುದಾ?
– ಓದುಗರು, ಸಿಂಧನೂರು

ಉತ್ತರ: ಬೇಡ. ಹಾಗೆ ದಪ್ಪ ಆಗುವುದು ಆಫ್ರಿಕನ್ ಕ್ಯಾಟ್‌ಫಿಶ್, ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ. ಮಳೆಗಾಲದಲ್ಲಿ ಕಟ್ಟೆ ಒಡೆದು ಹಳ್ಳ ಸೇರಿದರೆ ನಮ್ಮ ನಾಟಿ ಮೀನುಗಳನ್ನೇ ತಿಂದು ಮುಗಿಸುತ್ತದೆ. ರೋಹು, ಕಾಟ್ಲಾ ಕರುಳು ಪುಕ್ಕ ತಿಂದು ಬೆಳೆಯುವ ಮೀನುಗಳಲ್ಲ. ಆ ತ್ಯಾಜ್ಯ ತಳದಲ್ಲಿ ಕೊಳೆತು ನೀರು ನಾರುತ್ತದೆ, ಕಾಯಿಲೆ ಬರುತ್ತದೆ. ನಿಮ್ಮ ಮನೆ ಮಕ್ಕಳಿಗೆ ತಿನ್ನಿಸಲು ಹಿಂಜರಿಯುವಂಥ ಮೀನನ್ನು ಮಾರಲು ಹೋಗಬೇಡಿ.

ಪ್ರಶ್ನೆ: ವನಾಮಿ ಸಿಗಡಿ ಸಾಕಿದ್ದೇವೆ. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಬಂದರೆ ತಟ್ಟೆಯಲ್ಲಿಟ್ಟ ಆಹಾರ ಹಾಗೇ ಉಳಿಯುತ್ತದೆ. ರೋಗವಾ?
– ಓದುಗರು, ಕುಮಟಾ

ಉತ್ತರ: ಬಹುತೇಕ ರೋಗ ಅಲ್ಲ, ಚಿಪ್ಪು ಬಿಡುವ ಸಮಯ. ಸಿಗಡಿ ಹಳೆ ಚಿಪ್ಪು ಕಳಚಿದಾಗಲೇ ದೊಡ್ಡದಾಗುವುದು, ಆ ಹೊತ್ತಲ್ಲಿ ಮೈ ಮೆತ್ತಗಿರುವುದರಿಂದ ಅಡಗಿ ಕೂರುತ್ತದೆ, ತಿನ್ನುವುದಿಲ್ಲ. ತಟ್ಟೆ ಎತ್ತಿ ಕಳಚಿದ ಚಿಪ್ಪು, ಮೆತ್ತಗಿನ ಸಿಗಡಿ ಇವೆಯಾ ನೋಡಿ. ಇದ್ದರೆ ಆ ಎರಡು ಮೂರು ದಿನ ಆಹಾರ ತಗ್ಗಿಸಿ. ಎರಡು ಗಂಟೆ ಬಿಟ್ಟು ತಟ್ಟೆ ಖಾಲಿ ಕಂಡಾಗ ಮತ್ತೆ ಸ್ವಲ್ಪ ಸ್ವಲ್ಪವೇ ಏರಿಸಿ. ಆದರೆ ಸಿಗಡಿ ಸಾಯುತ್ತಿದ್ದರೆ, ಇಲ್ಲವೇ ಅಂಚಿಗೆ ಬಂದು ನಿಧಾನ ಈಜುತ್ತಿದ್ದರೆ ಕಾಯಬೇಡಿ, ಅದೇ ದಿನ ನೀರು ಮತ್ತು ಸಿಗಡಿ ಎರಡನ್ನೂ ಪರೀಕ್ಷೆ ಮಾಡಿಸಿ.