ಮೇಜು ಎಲ್ಲರದ್ದು, ಡಾಕ್ ಯಾರದ್ದು?

ಪ್ರಶ್ನೆ: ಮೇಡಂ, ನಮ್ಮ ಕಂಪನಿಯಲ್ಲಿ ಈಗ ಯಾರಿಗೂ ಸ್ವಂತ ಮೇಜಿಲ್ಲ. ಆಪ್‌ನಲ್ಲಿ ಬುಕ್ ಮಾಡಿ, ಸಿಕ್ಕ ಕಡೆ ಕೂರಬೇಕು. ಐಟಿ ಸಾಮಾನುಗಳ ಲೆಕ್ಕ ನೋಡುವವನು ನಾನು. ಮೊದಲು ಶೀಟಿನಲ್ಲಿ ಪ್ರತಿ ಮಾನಿಟರ್ ಎದುರು ಒಬ್ಬರ ಹೆಸರಿತ್ತು. ಈಗ ಆ ಕಾಲಂ ಖಾಲಿ. ಡಾಕ್‌ಗಳು (ಲ್ಯಾಪ್‌ಟಾಪನ್ನು ಒಂದೇ ಕೇಬಲ್‌ನಲ್ಲಿ ಮಾನಿಟರ್, ಕೀಬೋರ್ಡ್, ಪವರ್‌ಗೆ ಜೋಡಿಸುವ ಪೆಟ್ಟಿಗೆಗಳು) ಮಹಡಿ ಬದಲಾಯಿಸುತ್ತಿವೆ, ಚಾರ್ಜರ್‌ಗಳು ಮಾಯವಾಗುತ್ತಿವೆ. ಆಡಿಟ್‌ನವರು ಬಂದರೆ ಏನು ತೋರಿಸಲಿ?

ಉತ್ತರ: ಆ ಕಾಲಂನಲ್ಲಿ ಮೇಜಿನ ನಂಬರ್ ಬರೆಯಿರಿ. ಇಷ್ಟು ವರ್ಷ ಸ್ಟೋರ್ ನೋಡಿಕೊಂಡವಳು ನಾನು. ಹೇಳೋಕೆ ಸುಲಭ, ಮಾಡೋಕೆ ಕೆಲಸ ಜಾಸ್ತಿ ಅಂತ ಗೊತ್ತು.

ಮೊದಲು ಸಾಮಾನನ್ನು ಎರಡು ಪಾಲು ಮಾಡಿ. ಲ್ಯಾಪ್‌ಟಾಪ್, ಅದರ ಚಾರ್ಜರ್, ಹೆಡ್‌ಸೆಟ್ ಜನರ ಹೆಸರಿಗೆ. ಮಾನಿಟರ್, ಡಾಕ್, ಡಾಕ್‌ನ ಅಡಾಪ್ಟರ್, ಕೀಬೋರ್ಡ್, ಮೌಸ್ ಮೇಜಿನ ಹೆಸರಿಗೆ. ನೂರು ಜನಕ್ಕೆ ಅರವತ್ತು ಮೇಜು ಇದ್ದರೆ ಡಾಕ್ ಅರವತ್ತು ಸಾಕು, ಹೆಡ್‌ಸೆಟ್ ಮಾತ್ರ ನೂರೇ ಬೇಕು. ಅದನ್ನೂ ಹಂಚಿಕೊಳ್ಳಲಿ ಅಂತ ಯಾರಾದರೂ ಉಳಿತಾಯದ ಲೆಕ್ಕ ತಂದರೆ ಒಪ್ಪಬೇಡಿ. ಇನ್ನೊಬ್ಬರು ದಿನವಿಡೀ ಕಿವಿಗಿಟ್ಟುಕೊಂಡಿದ್ದನ್ನು ನಾನಂತೂ ಮುಟ್ಟೋದಿಲ್ಲ.

ಈ ಎರಡರಲ್ಲಿ ಯಾವುದಕ್ಕೂ ಸೇರದ ಮೂರನೇ ಪಾಲು ಹುಟ್ಟಿಕೊಂಡರೆ ಕಷ್ಟ. 'ಬೇಕಾದವರು ತಗೊಳ್ಳಲಿ, ಆಮೇಲೆ ತಂದಿಡಲಿ' ಅನ್ನೋ ಡ್ರಾಯರ್ ಇರುತ್ತಲ್ಲ, ಅದು. ಅಮೆರಿಕದ ಶಯಟ್ ಡೇ ಎಂಬ ಜಾಹೀರಾತು ಕಂಪನಿ 1994ರ ಸುಮಾರಿಗೆ ತನ್ನ ಲಾಸ್ ಏಂಜಲೀಸ್ ಕಚೇರಿಯಲ್ಲಿ ಇಂಥ ಡ್ರಾಯರನ್ನೇ ದೊಡ್ಡದಾಗಿ ಮಾಡಿತ್ತು. ಸ್ವಂತ ಮೇಜು ತೆಗೆದುಬಿಟ್ಟರು. ಬೆಳಿಗ್ಗೆ ಕೌಂಟರ್‌ನಲ್ಲಿ ಲ್ಯಾಪ್‌ಟಾಪ್, ಫೋನ್ ಪಡೆದು ಸಂಜೆ ವಾಪಸ್ ಕೊಡಬೇಕಿತ್ತು. ಸಾಮಾನು ಎಲ್ಲರಿಗೂ ಸಾಲುತ್ತಿರಲಿಲ್ಲ. ಜನ ಬೇಗ ಬಂದು ಹಿಡಿದುಕೊಳ್ಳೋಕೆ ಶುರು ಮಾಡಿದರು, ಕೆಲವರು ರಾತ್ರಿ ಬಚ್ಚಿಟ್ಟೇ ಹೋದರು. ಕೆಲವೇ ವರ್ಷಗಳಲ್ಲಿ ಕಂಪನಿ ಆ ಪದ್ಧತಿ ಕೈಬಿಟ್ಟಿತು. ನಾಳೆ ಸಿಗುತ್ತೋ ಇಲ್ಲವೋ ಅನ್ನೋ ಅನುಮಾನ ಇದ್ದರೆ ಯಾರೇ ಆದರೂ ಬಚ್ಚಿಡುತ್ತಾರೆ. ನಿಮ್ಮಲ್ಲಿ ಚಾರ್ಜರ್ ಮಾಯವಾಗುತ್ತಿರುವುದಕ್ಕೂ ಕಾರಣ ಇದೇ ಇರಬಹುದು. ಮೇಜಿನ ಡಾಕ್ ಲ್ಯಾಪ್‌ಟಾಪಿಗೆ ಸರಿಯಾಗಿ ಪವರ್ ಕೊಡುವಂತಿದ್ದರೆ ಚಾರ್ಜರ್‌ನ ಹಂಗೇ ಬೇಡ, ಅಲ್ವಾ?

ಇನ್ನು ಯಾವುದು ಎಲ್ಲಿದೆ ಅನ್ನೋ ಪ್ರಶ್ನೆ. ತಿಂಗಳಿಗೊಮ್ಮೆ ಸ್ಕ್ಯಾನರ್ ಹಿಡಿದು ಸುತ್ತುವುದು ಬೇಕೇ ಬೇಕು, ಆದರೆ ಅದೊಂದನ್ನೇ ನಂಬಬೇಡಿ. ಮಾನಿಟರ್ ತನ್ನ ಗುರುತನ್ನು ತಾನೇ ಹೇಳುತ್ತದೆ. ಕೇಬಲ್ ಚುಚ್ಚಿದ ಕೂಡಲೇ ಅದು ಲ್ಯಾಪ್‌ಟಾಪಿಗೆ ಇಡಿಐಡಿ ಅನ್ನೋ ಪುಟ್ಟ ಮಾಹಿತಿ ಕಳಿಸುತ್ತದೆ. ತಯಾರಕರು, ಮಾಡೆಲ್, ಸಾಮಾನ್ಯವಾಗಿ ಸೀರಿಯಲ್ ನಂಬರ್ ಕೂಡ ಅದರಲ್ಲಿರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ನೀವು ಹಾಕಿರುವ ಇನ್ವೆಂಟರಿ ಏಜೆಂಟ್, ಅಂದರೆ ಸಾಮಾನಿನ ವಿವರ ಕಳಿಸುವ ಸಾಫ್ಟ್‌ವೇರ್, ಇದನ್ನು ಓದಬಲ್ಲದಾ ನೋಡಿ. ಓದುವುದಾದರೆ ಅದನ್ನು ಬುಕಿಂಗ್ ಪಟ್ಟಿಗೆ ತಾಳೆ ಹಾಕಿ. 14ನೇ ಮೇಜು ಬುಕ್ ಮಾಡಿದವರ ಲ್ಯಾಪ್‌ಟಾಪ್ ಯಾವ ಮಾನಿಟರ್ ಕಂಡಿತು ಅಂತ ಗೊತ್ತಾದರೆ 14ರಲ್ಲಿ ಏನಿದೆ ಅಂತ ಗೊತ್ತಾದ ಹಾಗೆ. ಒಂದೇ ಸಲ ಕಂಡಿದ್ದನ್ನು ನಂಬಬೇಡಿ, ಜನ 14 ಬುಕ್ ಮಾಡಿ 17ರಲ್ಲಿ ಕೂರುತ್ತಾರೆ. ಮೂರ್ನಾಲ್ಕು ಜನರ ಲ್ಯಾಪ್‌ಟಾಪ್ ಒಂದೇ ಮಾತು ಹೇಳಿದರೆ ಆಗ ಎದ್ದು ಹೋಗಿ ನೋಡಿ.

ಇದಕ್ಕಿಂತ ದೊಡ್ಡ ತಲೆನೋವು ದೂರು ಬಾರದೇ ಇರುವುದು. ತನ್ನದೇ ಮಾನಿಟರ್ ಮಿನುಗಿದರೆ ಹತ್ತು ನಿಮಿಷದಲ್ಲಿ ಫೋನ್ ಬರುತ್ತಿತ್ತು. ಈಗ 'ಇವತ್ತೊಂದು ದಿನ ತಾನೇ' ಅಂತ ಸುಮ್ನೆ ಇದ್ದು, ನಾಳೆ ಬೇರೆ ಮೇಜು ಬುಕ್ ಮಾಡುತ್ತಾರೆ. ಕೆಟ್ಟ ಡಾಕ್ ಅಲ್ಲೇ ಕೂತಿರುತ್ತದೆ. ಪ್ರತಿ ಮೇಜಿಗೂ ಒಂದು ಕ್ಯೂಆರ್ ಸ್ಟಿಕರ್ ಹಾಕಿ. ಸ್ಕ್ಯಾನ್ ಮಾಡಿದರೆ ಮೇಜಿನ ನಂಬರ್ ತುಂಬಿಕೊಂಡೇ ದೂರಿನ ಫಾರಂ ತೆರೆಯಬೇಕು. ಸ್ಟಿಕರ್ ಮಾನಿಟರ್ ಸ್ಟ್ಯಾಂಡಿನ ಪಾದದ ಮೇಲೆ, ಕೂತವರ ಕಣ್ಣಿಗೆ ಬೀಳುವಂತೆ ಇರಲಿ. ಮೇಜಿನ ಕೆಳಗೆ ಅಂಟಿಸಿದ್ದನ್ನು ನಾನು ನೋಡಿದ್ದೇನೆ, ಬಗ್ಗಿ ಸ್ಕ್ಯಾನ್ ಮಾಡುವ ಪುಣ್ಯಾತ್ಮರು ಯಾರೂ ಇರಲಿಲ್ಲ. ರಿಪೇರಿ ಆಗುವ ತನಕ ಆ ಮೇಜು ಆಪ್‌ನಲ್ಲಿ ಸಿಗದಂತೆ ಮಾಡಿ. ಸಾಮಾನ್ಯವಾಗಿ ಬುಕಿಂಗ್ ಆಪ್ ಆಡಳಿತ ವಿಭಾಗದವರ ಕೈಯಲ್ಲಿರುತ್ತದೆ, ಸಾಮಾನು ನಿಮ್ಮ ಕೈಯಲ್ಲಿ. ಅವರ ಪಟ್ಟಿಯ 3-14, ನಿಮ್ಮ ಪಟ್ಟಿಯ 'ಕಿಟಕಿ ಪಕ್ಕದ್ದು' ಎರಡೂ ಒಂದೇ ಮೇಜಾದರೆ ಏನೂ ನಡೆಯೋದಿಲ್ಲ. ನಂಬರ್ ಒಂದೇ ಇರಲಿ.

ಮತ್ತೊಂದು ಕಿವಿಮಾತು. ಯಾವಾಗಲೂ ಕೊನೆಗೆ ಬುಕ್ ಆಗುವ ಮೇಜು ಯಾವುದು ಅಂತ ನೋಡಿ. ಎಸಿ ಗಾಳಿ ನೇರ ತಲೆಗೆ ಬಡಿಯುತ್ತಿರಬಹುದು. ಅದಲ್ಲದಿದ್ದರೆ ಅಲ್ಲಿ ಏನೋ ಕೆಟ್ಟಿದೆ.

ಪ್ರಶ್ನೆ: ಮೊನ್ನೆ ಎರಡೂ ಮಾನಿಟರ್ ಬಂದ ಮೇಜಿನಲ್ಲಿ ಇವತ್ತು ಒಂದೂ ಬರುತ್ತಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮಾತ್ರ ಆಗುತ್ತಿದೆ. ಡಾಕ್ ಕೆಟ್ಟಿದೆಯಾ?

ಉತ್ತರ: ಮೊದಲು ಕೇಬಲ್ ನೋಡಿ. ಡಾಕ್‌ನ ಕೇಬಲ್ ಬಿಚ್ಚುವಂಥದ್ದಾಗಿದ್ದರೆ ಯಾರೋ ಅದನ್ನು ಒಯ್ದು, ಫೋನಿನ ಕೇಬಲ್ ಬಿಟ್ಟು ಹೋಗಿರುತ್ತಾರೆ. ಯುಎಸ್‌ಬಿ-ಸಿ ಕೇಬಲ್‌ಗಳೆಲ್ಲ ನೋಡೋಕೆ ಒಂದೇ ಥರ, ಒಳಗೆ ಬೇರೆ ಬೇರೆ. ಬರೀ ಚಾರ್ಜಿಂಗ್‌ಗೆ ಬರುವ ಕೇಬಲ್‌ನಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 2.0 ತಂತಿ ಮಾತ್ರ ಇರುತ್ತದೆ. ಅದು ಸೆಕೆಂಡಿಗೆ 480 ಮೆಗಾಬಿಟ್ ದಾಟೋದಿಲ್ಲ, ಅದರಲ್ಲಿ ಪರದೆಯ ಚಿತ್ರ ಹೋಗೋದಿಲ್ಲ. ಪವರ್‌ನಲ್ಲೂ ಹೀಗೇ. ಮಾಮೂಲಿ ಕೇಬಲ್ 60 ವ್ಯಾಟ್ ತನಕ, ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಒಳಗೆ ಚಿಪ್ ಇರುವ 5 ಆಂಪಿಯರ್ ಕೇಬಲ್. ದೊಡ್ಡ ಲ್ಯಾಪ್‌ಟಾಪಿಗೆ ಮಾಮೂಲಿಯದು ಚುಚ್ಚಿದರೆ 'ನಿಧಾನ ಚಾರ್ಜಿಂಗ್' ಅಂತ ಗೊಣಗುತ್ತದೆ. ಕೇಬಲ್ ಡಾಕ್‌ಗೇ ಅಂಟಿಕೊಂಡಿರುವ ಮಾಡೆಲ್ ಕೊಳ್ಳಿ ಅಂತ ಐಟಿಯವರಿಗೆ ಹೇಳಿ. ಕೇಬಲ್ ಹಾಳಾದರೆ ಇಡೀ ಡಾಕ್ ಬದಲಿಸಬೇಕಾಗಬಹುದು, ಆದರೂ ನನ್ನ ಮತ ಅದಕ್ಕೇ.

ಕೇಬಲ್ ಸರಿಯಿದ್ದು ಎರಡನೇ ಮಾನಿಟರ್ ಮಾತ್ರ ಬರುತ್ತಿಲ್ಲವೇ? ನಿಮ್ಮದು ಎಂ1 ಅಥವಾ ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಆಗಿದ್ದರೆ ಅದಕ್ಕೆ ನೇರವಾಗಿ ಒಂದೇ ಹೊರಗಿನ ಪರದೆ. ಎರಡು ಬೇಕಾದರೆ ಡಿಸ್‌ಪ್ಲೇಲಿಂಕ್ ಡಾಕ್, ಅಂದರೆ ಸಾಫ್ಟ್‌ವೇರ್ ನೆರವಿನಿಂದ ಯುಎಸ್‌ಬಿ ಮೂಲಕ ಚಿತ್ರ ಕಳಿಸುವ ಡಾಕ್, ಇರುವ ಮೇಜು ಬೇಕು. ಯಾವ ಮೇಜಿನಲ್ಲಿ ಯಾವ ಡಾಕ್ ಇದೆ ಅಂತ ಬುಕಿಂಗ್ ಆಪ್‌ನಲ್ಲೇ ಕಾಣಬೇಕು.

ಪ್ರಶ್ನೆ: ಡಾಕ್‌ಗೆ ಯಾರು ಎಷ್ಟು ಹೊತ್ತಿಗೆ ಕನೆಕ್ಟ್ ಆದರು ಅಂತ ನೋಡಿ ಹಾಜರಿ ಹಾಕಿ ಅಂತಿದ್ದಾರೆ ನಮ್ಮ ಮ್ಯಾನೇಜರ್. ಮಾಡಬಹುದಾ?

ಉತ್ತರ: ಮಾಡಬಹುದು. ಮಾಡಬೇಡಿ. ಡಾಕ್ ಚುಚ್ಚಿದರೆ ಹಾಜರಿ ಅಂತ ಗೊತ್ತಾದ ದಿನವೇ ಕೆಲವರು ಚುಚ್ಚಿ ಎದ್ದು ಹೋಗುತ್ತಾರೆ, ಕೆಲವರು ಚುಚ್ಚುವುದನ್ನೇ ಬಿಡುತ್ತಾರೆ. ಹಾಜರಿಯೂ ಸುಳ್ಳು, ಸಾಮಾನಿನ ಲೆಕ್ಕವೂ ಸುಳ್ಳು. ಸಾಮಾನು ಹುಡುಕೋಕೆ ಸೀರಿಯಲ್ ನಂಬರ್, ಮೇಜಿನ ನಂಬರ್, ತಾರೀಖು ಸಾಕು. ತಾಳೆ ಹಾಕಿ ಮುಗಿದ ಮೇಲೆ ಜನರ ಹೆಸರನ್ನು ಪಟ್ಟಿಯಿಂದ ಅಳಿಸಿಬಿಡಿ. ಇಲ್ಲದ ಪಟ್ಟಿಯನ್ನು ಮ್ಯಾನೇಜರ್ ಕೇಳೋಕೆ ಆಗೋದಿಲ್ಲ.