ಆಡಿಯೋ ಲೈಬ್ರರಿಗೆ ಡಾಕ್ಯುಮೆಂಟೇಶನ್ ಬರೆಯೋದು ಹೇಗೆ, ಡಾಕ್ಸಿಜೆನ್ ಓಡಿಸಿದ್ರೆ ಸಾಕಾಗಲ್ವಾ?

ನೀವು ಕೇಳಿರೋದು ಇಷ್ಟು: ಪೋರ್ಟ್‌ಆಡಿಯೋ (ಬೇರೆ ಬೇರೆ ಸಿಸ್ಟಮ್ಮಲ್ಲಿ ಶಬ್ದ ಆಡಿಸೋಕೆ, ರೆಕಾರ್ಡ್ ಮಾಡೋಕೆ ಇರೋ ಲೈಬ್ರರಿ) ಮೇಲೆ ಒಂದು ಸಣ್ಣ ಸಿ ಲೈಬ್ರರಿ ಕಟ್ಟಿದೀರಿ, ಪ್ಲೇ ಮಾಡುತ್ತೆ, ರೆಕಾರ್ಡ್ ಮಾಡುತ್ತೆ, ಪ್ರತಿ ಫಂಕ್ಷನ್ ತಲೆ ಮೇಲೂ ಕಾಮೆಂಟ್ ಬರೆದು, ಆ ಕಾಮೆಂಟುಗಳಿಂದಲೇ ಡಾಕ್ಯುಮೆಂಟ್ ತಯಾರಿಸೋ ಡಾಕ್ಸಿಜೆನ್ ಓಡಿಸಿ ಚಂದದ ಪೇಜ್ ಮಾಡಿಟ್ಟಿದೀರಿ, ಆದ್ರೂ ಬಳಸೋರು ಬಂದು ಅದದೇ ಪ್ರಶ್ನೆ ಕೇಳ್ತಾ ಇದಾರೆ, ಇನ್ನೇನು ಬರೀಬೇಕು ಅಂತ.

ನಂದೂ ಇಂಥದೇ ಒಂದು ಲೈಬ್ರರಿ ಇದೆ. ಊರಲ್ಲಿ ತಾಳಮದ್ದಳೆ, ರಾತ್ರಿ ಇಡೀ ನಡೆಯೋ ಯಕ್ಷಗಾನ ರೆಕಾರ್ಡ್ ಮಾಡ್ಕೊಳ್ಳೋಕೆ ಅಂತ ನನಗೋಸ್ಕರ ಬರ್ಕೊಂಡಿದ್ದು, ಆಮೇಲೆ ಸ್ನೇಹಿತರು ಸ್ನೇಹಿತರ ಸ್ನೇಹಿತರು ಅಂತ ಬಳಸೋಕೆ ಶುರು ಮಾಡಿದ್ರು. ನಾನೂ ಮೊದಲು ನಿಮ್ಮಂಗೇ ಮಾಡಿದ್ದೆ. ಡಾಕ್ಸಿಜೆನ್ ಬೇಡ ಅಂತ ನಾನು ಹೇಳ್ತಿಲ್ಲ, ಪೋರ್ಟ್‌ಆಡಿಯೋದವರದ್ದೂ ಹೆಡರ್ ಫೈಲ್ ಕಾಮೆಂಟಿಂದ ಹಂಗೇ ತೆಗೆದಿರೋದು. ಆದ್ರೆ ಅದು ಹೇಳೋದು ಫಂಕ್ಷನ್ ಹೆಸರೇನು, ಏನು ಕೊಡ್ಬೇಕು, ಏನು ವಾಪಸ್ ಬರುತ್ತೆ ಅಂತ. ಆಡಿಯೋದಲ್ಲಿ ಜನ ಎಡವೋದು ಅಲ್ಲಲ್ಲ. ಇದು ಯಾವಾಗ ನಡೆಯುತ್ತೆ, ಯಾವ ಥ್ರೆಡ್ಡಲ್ಲಿ ನಡೆಯುತ್ತೆ, ಎಷ್ಟು ಹೊತ್ತಲ್ಲಿ ಮುಗೀಬೇಕು, ಈ ಸಂಖ್ಯೆ ಯಾವ ಅಳತೇಲಿದೆ, ಈ ನಾಲ್ಕೂ ಫಂಕ್ಷನ್ನಿನ ಸಿಗ್ನೇಚರಲ್ಲಿ, ಅಂದ್ರೆ ಹೆಸರು, ಕೊಡೋದು, ವಾಪಸ್ ಬರೋದು ಇರೋ ಆ ಸಾಲಲ್ಲಿ, ಕಾಣಲ್ಲ.

ಪೋರ್ಟ್‌ಆಡಿಯೋದ್ದೇ ಉದಾಹರಣೆ ತಗೊಳಿ. ಸ್ಟಾಪ್‌ಸ್ಟ್ರೀಮ್ ಅಂತ ಒಂದು ಫಂಕ್ಷನ್, ಅಬಾರ್ಟ್‌ಸ್ಟ್ರೀಮ್ ಅಂತ ಇನ್ನೊಂದು. ಎರಡಕ್ಕೂ ಕೊಡೋದು ಅದೇ ಸ್ಟ್ರೀಮ್ ಪಾಯಿಂಟರ್, ವಾಪಸ್ ಬರೋದೂ ಅದೇ ಎರರ್ ಕೋಡ್. ಮೊದಲನೇದು ಬಫರಲ್ಲಿ (ಆಡೋ ಮುಂಚೆ ಶಬ್ದ ಕೂಡಿಡೋ ಜಾಗ) ಉಳಿದಿರೋ ಶಬ್ದ ಪೂರ್ತಿ ಆಡೋವರೆಗೆ ಕಾಯುತ್ತೆ, ಎರಡನೇದು ಇದ್ದಲ್ಲೇ ಕತ್ತರಿಸುತ್ತೆ. ಕಂಪೈಲರ್‌ಗೆ ಎರಡೂ ಒಂದೇ, ವ್ಯತ್ಯಾಸ ಗೊತ್ತಾಗೋದು ಕಿವಿಗೆ ಮಾತ್ರ, ಇಲ್ಲಾ ಬರೆದಿಟ್ಟಿರೋ ಆ ಒಂದು ಸಾಲಿಂದ. ನಿಮ್ಮ ಲೈಬ್ರರಿಲೂ ಇಂಥ ಜೋಡಿಗಳು ಇದ್ದೇ ಇರ್ತವೆ, ಮೊದಲು ಅವನ್ನ ಹುಡುಕಿ.

ಅಳತೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದ್ರಲ್ಲಿ ನಾನೇ ಮಾನ ಕಳ್ಕೊಂಡಿದೀನಿ. ನನ್ನ ಓಪನ್ ಫಂಕ್ಷನಲ್ಲಿ "ಬಫರ್ ಸೈಜ್" ಅಂತ ಒಂದು ಪ್ಯಾರಾಮೀಟರ್ ಇತ್ತು, ಅದರ ಕಾಮೆಂಟ್ ಏನಿತ್ತು ಗೊತ್ತಾ, "ಬಫರಿನ ಸೈಜ್". ಅಷ್ಟೇ! ಪರಿಚಯದ ಹುಡುಗ ಒಬ್ಬ ಮೃದಂಗ ಪ್ರಾಕ್ಟೀಸಿಗೆ ಒಂದು ಆಪ್ ಮಾಡ್ತಿದ್ದ, ಅವನಿಗೆ ಬೇಕಾಗಿದ್ದು 256 ಫ್ರೇಮ್, 48000 ಹರ್ಟ್ಸಲ್ಲಿ ಅದು ಸುಮಾರು 5.3 ಮಿಲಿಸೆಕೆಂಡ್. ಅವನು ಇದು ಬೈಟಲ್ಲಿ ಇರ್ಬೇಕು ಅಂದ್ಕೊಂಡು, 2 ಚಾನೆಲ್, ಸ್ಯಾಂಪಲ್‌ಗೆ 2 ಬೈಟ್, ಅಂದ್ರೆ 4ರಿಂದ ಗುಣಿಸಿ 1024 ಕೊಟ್ಟ. ಲೈಬ್ರರಿ ಅದನ್ನ 1024 ಫ್ರೇಮ್ ಅಂತ ತಗೊಂಡು 21 ಮಿಲಿಸೆಕೆಂಡಿನ ಬಫರ್ ಮಾಡ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಕೈ ಬಿದ್ದಿದ್ದು ಒಂದು ಕಡೆ ಶಬ್ದ ಬಂದಿದ್ದು ಇನ್ನೊಂದು ಕಡೆ. ಪಾಪ, ತನ್ನ ಸೌಂಡ್ ಕಾರ್ಡೇ ಸರಿ ಇಲ್ಲ ಅಂತ ವಾರಗಟ್ಟಲೆ ಒದ್ದಾಡಿದ. ತಪ್ಪು ಪೂರ್ತಿ ನಂದು. ಆಮೇಲೆ ನಾನು ಪ್ಯಾರಾಮೀಟರ್ ಹೆಸರನ್ನೇ "ಫ್ರೇಮ್ಸ್ ಪರ್ ಬಫರ್" ಅಂತ ಬದಲಾಯಿಸಿದೆ, ಪೋರ್ಟ್‌ಆಡಿಯೋದವರು ಆ ಹೆಸರು ಯಾಕೆ ಇಟ್ಟಿದಾರೆ ಅಂತ ಆವಾಗ ಅರ್ಥ ಆಯ್ತು. ಹಂಗಾಗಿ ಮೊದಲನೇ ಪೇಜಲ್ಲೇ ಬರೀರಿ: ಸ್ಯಾಂಪಲ್ ಅಂದ್ರೆ ಒಂದು ಚಾನೆಲಿನ ಒಂದು ಸಂಖ್ಯೆ, ಫ್ರೇಮ್ ಅಂದ್ರೆ ಒಂದೇ ಕ್ಷಣದ ಎಲ್ಲಾ ಚಾನೆಲಿನ ಸಂಖ್ಯೆಗಳು. ಸ್ಟೀರಿಯೋ ಆದ್ರೆ ಎಡ ಬಲ ಎಡ ಬಲ ಅಂತ ಪೋಣಿಸಿರ್ತೀರೋ ಬೇರೆ ಬೇರೆ ಇಟ್ಟಿರ್ತೀರೋ ಅದನ್ನೂ. ಫ್ಲೋಟ್ ಆದ್ರೆ ಮೈನಸ್ 1ರಿಂದ 1ರ ಒಳಗೆ ಇರ್ಬೇಕು, ಮೀರಿದ್ರೆ ಏನಾಗುತ್ತೆ ಅಂತಾನೂ.

ಇನ್ನು ಕಾಲ್‌ಬ್ಯಾಕ್, ಅಂದ್ರೆ ಶಬ್ದ ಕೊಡೋ ತಗೊಳ್ಳೋ ಹೊತ್ತು ಬಂದಾಗೆಲ್ಲ ಲೈಬ್ರರಿ ತಾನೇ ಕರೆಯೋ, ಬಳಸೋರು ಬರೆದ ಫಂಕ್ಷನ್. ಬೇರೆ ಏನೂ ಬರೀದಿದ್ರೂ ಪರವಾಗಿಲ್ಲ, ಇದನ್ನ ಮಾತ್ರ ಕೂತು ಬರೀರಿ. ಸಾಮಾನ್ಯವಾಗಿ ಎಲ್ಲರೂ "ಕಾಲ್‌ಬ್ಯಾಕಲ್ಲಿ ಮೆಮೊರಿ ಅಲೊಕೇಟ್ ಮಾಡಬೇಡಿ, ಫೈಲ್ ಮುಟ್ಟಬೇಡಿ, ಲಾಕ್ ಹಿಡೀಬೇಡಿ" ಅಂತ ಮಡಿ ಮೈಲಿಗೆ ಥರ ಪಟ್ಟಿ ಕೊಟ್ಟು ಸುಮ್ನಾಗ್ತಾರೆ, ಕಾರಣ ಹೇಳಲ್ಲ, ಕಾರಣ ಗೊತ್ತಿಲ್ಲದ ನಿಯಮಾನ ಯಾರೂ ಪಾಲಿಸಲ್ಲ. ಹಿಂಗೆ ಬರೀರಿ: 256 ಫ್ರೇಮ್, 48000 ಹರ್ಟ್ಸ್ ಅಂದ್ರೆ ಸೌಂಡ್ ಕಾರ್ಡ್ 5.3 ಮಿಲಿಸೆಕೆಂಡಿಗೊಮ್ಮೆ ಬಂದು ಮುಂದಿನ ತುತ್ತು ಕೊಡು ಅನ್ನುತ್ತೆ. ಆ ಹೊತ್ತಿಗೆ ರೆಡಿ ಇಲ್ಲ ಅಂದ್ರೆ ಅದು ಕಾಯಲ್ಲ, ಅಲ್ಲಿ ಒಂದು ತೂತು ಬೀಳುತ್ತೆ, ಕೇಳೋರಿಗೆ ಟಕ್ ಅನ್ಸುತ್ತೆ. ಮೆಮೊರಿ ಕೇಳೋ ಮ್ಯಾಲಕ್ ಕರೆದ್ರೆ ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಆಗಲ್ಲ, ಇನ್ನೊಂದು ಸಲ ಬೇರೆ ಥ್ರೆಡ್ ಅದೇ ಹೀಪಿನ (ಮ್ಯಾಲಕ್ ಮೆಮೊರಿ ಕೊಡೋ ರಾಶಿ) ಲಾಕ್ ಹಿಡ್ಕೊಂಡು ಕೂತಿರುತ್ತೆ, ನಿಮ್ಮ ಆಡಿಯೋ ಥ್ರೆಡ್ ಬಾಗಿಲಲ್ಲಿ ನಿಲ್ಲುತ್ತೆ. ಡಿಸ್ಕಿಗೆ ಬರೆಯೋದೂ ಅಷ್ಟೇ, ಡೆವಲಪರ್ ಲ್ಯಾಪ್‌ಟಾಪಲ್ಲಿ ಸಲೀಸು, ಬಯಲಾಟದ ರಂಗಸ್ಥಳದ ಪಕ್ಕ ಹಳೇ ಹಾರ್ಡ್ ಡಿಸ್ಕಲ್ಲಿ ಚಂಡೆ ಪೆಟ್ಟಿನ ಮಧ್ಯ ಕಟ್. ಹಂಗಾದ್ರೆ ರೆಕಾರ್ಡ್ ಮಾಡಿದ್ದನ್ನ ಫೈಲಿಗೆ ಹಾಕೋದು ಹೆಂಗೆ ಅಂತ ಮುಂದಿನ ಪ್ರಶ್ನೆ ಬರುತ್ತಲ್ಲ, ಅದಕ್ಕೆ ಉತ್ತರಾನೂ ಅಲ್ಲೇ ಇರ್ಲಿ: ಕಾಲ್‌ಬ್ಯಾಕ್ ರಿಂಗ್ ಬಫರಿಗೆ (ಕೊನೆ ಮುಟ್ಟಿದ್ರೆ ಮತ್ತೆ ಮೊದಲಿಂದ ತುಂಬೋ ಬಫರ್) ಹಾಕುತ್ತೆ, ಇನ್ನೊಂದು ಥ್ರೆಡ್ ಅಲ್ಲಿಂದ ಎತ್ತಿ ಫೈಲಿಗೆ ಬರೆಯುತ್ತೆ. ಪೋರ್ಟ್‌ಆಡಿಯೋ ಸೋರ್ಸಿನ ಜೊತೆಗೇ ಇದಕ್ಕೊಂದು ಉದಾಹರಣೆ ಪ್ರೋಗ್ರಾಂ ಬರುತ್ತೆ, ನೋಡಿ. ಓವರ್‌ಫ್ಲೋ (ಬಂದ ಶಬ್ದ ಹೊತ್ತಿಗೆ ಎತ್ತದೆ ಚೆಲ್ಲಿಹೋಗೋದು), ಅಂಡರ್‌ಫ್ಲೋ (ಆಡಿಸೋಕೆ ಹೊತ್ತಿಗೆ ಶಬ್ದ ಸಿಗದಿರೋದು) ಆದಾಗ ಕಾಲ್‌ಬ್ಯಾಕಿಗೆ ಸ್ಟೇಟಸ್ ಫ್ಲ್ಯಾಗ್ ಬರುತ್ತೆ, ಅದನ್ನ ನೀವು ನುಂಗಿಹಾಕ್ತೀರೋ ಬಳಸೋರಿಗೆ ದಾಟಿಸ್ತೀರೋ ಅದನ್ನೂ ಬರೀರಿ, ನುಂಗ್ತೀರಿ ಅಂದ್ರೆ ದಯವಿಟ್ಟು ನುಂಗಬೇಡಿ.

ಮಿತಿಗಳನ್ನೂ ಮುಚ್ಚಿಡಬೇಡಿ. ವೇವ್ ಫೈಲಿನ ಹೆಡರಲ್ಲಿ ಸೈಜ್ ಇಡೋಕೆ ಇರೋ ಜಾಗ 32 ಬಿಟ್, ಅಂದ್ರೆ 4 ಜಿಬಿ ಗಡಿ. 48000 ಹರ್ಟ್ಸ್, ಸ್ಟೀರಿಯೋ, 16 ಬಿಟ್ ಅಂದ್ರೆ ಸೆಕೆಂಡಿಗೆ 192000 ಬೈಟ್, ಲೆಕ್ಕ ಹಾಕಿದ್ರೆ 6 ಗಂಟೆ 12 ನಿಮಿಷದ ಆಸುಪಾಸಲ್ಲಿ ತುಂಬುತ್ತೆ, 24 ಬಿಟ್ ಆದ್ರೆ 4 ಗಂಟೆ ಚಿಲ್ಲರೆ. ಹಾಡು ರೆಕಾರ್ಡ್ ಮಾಡೋರಿಗೆ ಇದು ಯಾವತ್ತೂ ಗೊತ್ತಾಗಲ್ಲ. ರಾತ್ರಿ ಒಂಬತ್ತೂವರೆಗೆ ಚೌಕಿ ಪೂಜೆ ಆಗಿ ಬೆಳಗಿನ ಜಾವ ಮಂಗಳ ಆಗೋ ಆಟಕ್ಕೆ ಮೈಕ್ ಇಟ್ಟೋರಿಗೆ ಗೊತ್ತಾಗುತ್ತೆ, ಅದೂ ರಾಕ್ಷಸ ವಧೆ ಹೊತ್ತಿಗೇ. ನಿಮ್ಮ ಲೈಬ್ರರಿ ಆ ಗಡಿಲಿ ಹೊಸ ಫೈಲ್ ತೆಗೆಯುತ್ತಾ, ಆರ್‌ಎಫ್64 (4 ಜಿಬಿ ಮೀರೋಕೆ ಬಿಡೋ ವೇವ್‌ನ ದೊಡ್ಡ ರೂಪ) ಬರೆಯುತ್ತಾ, ಇಲ್ಲಾ ಸುಮ್ನೆ ಹೆಡರ್ ಕೆಡಿಸುತ್ತಾ? ಒಂದು ಸಾಲು, ಅಷ್ಟೇ ಸಾಕು.

ಆಮೇಲೆ ನಿಮ್ಮ ತಪ್ಪೇ ಅಲ್ಲದ ಆದ್ರೆ ನಿಮ್ಮ ತಲೆಗೇ ಬರೋ ದೂರುಗಳು. ಇದಕ್ಕೆ ನಾನು ಮಾಡಿದ್ದು, ಬೇರೆ ಪೇಜ್ ಒಂದು ಇಟ್ಟು ಅದರ ಹೆಡ್ಡಿಂಗುಗಳನ್ನ ಕಿವಿಗೆ ಏನು ಕೇಳುತ್ತೋ ಅದೇ ಮಾತಲ್ಲಿ ಬರೆದೆ, ಯಾಕಂದ್ರೆ ಹುಡುಕೋರು "ಅಂಡರ್‌ರನ್" ಅಂತ ಹುಡುಕಲ್ಲ, "ಟಕ್ ಟಕ್ ಶಬ್ದ" ಅಂತ ಹುಡುಕ್ತಾರೆ. "ಧ್ವನಿ ಸಣ್ಣಗಾಗಿ ಬೇಗ ಬೇಗ ಓಡುತ್ತೆ": 44100ರಲ್ಲಿ ಇರೋ ಫೈಲನ್ನ 48000 ಅಂತ ಓಪನ್ ಮಾಡಿದೀರಿ, ಶ್ರುತಿ ಸುಮಾರು ಒಂದೂವರೆ ಮನೆ ಮೇಲೆ ಹೋಗಿರುತ್ತೆ. "ರೆಕಾರ್ಡ್ ಆಯ್ತು, ಪೂರ್ತಿ ಮೌನ": ಮ್ಯಾಕ್‌ನಲ್ಲಿ 10.14 ಬಂದಾಗಿಂದ ಮೈಕಿಗೆ ಪರ್ಮಿಷನ್ ಬೇಕು, ಬೇಡ ಅಂದಿದ್ರೆ ಎರರ್ ಬದಲು ಬರೀ ಸೊನ್ನೆಗಳು ಬರಬಹುದು. "ಮೈಕ್ ಆನ್ ಮಾಡಿದ ತಕ್ಷಣ ಹಾಡು ಟೆಲಿಫೋನಲ್ಲಿ ಕೇಳಿದಂಗಾಯ್ತು": ಬ್ಲೂಟೂತ್ ಹೆಡ್‌ಸೆಟ್ ಮ್ಯೂಸಿಕ್ ಪ್ರೊಫೈಲ್ ಬಿಟ್ಟು ಕಾಲ್ ಪ್ರೊಫೈಲಿಗೆ ಇಳಿದಿದೆ, ನಿಮ್ಮ ಕೋಡಲ್ಲಿ ಹುಡುಕಬೇಡಿ. "ಪ್ಲೇ ಅಂದೆ, ಶಬ್ದಾನೇ ಇಲ್ಲ": ಪ್ಲೇ ಫಂಕ್ಷನ್ ಕಾಯದೆ ವಾಪಸ್ ಬಂತು, ಪ್ರೋಗ್ರಾಮೇ ಮುಗಿದೋಯ್ತು. ಈ ಕೊನೇದು ಪೈಥಾನಿನ ಸೌಂಡ್‌ಡಿವೈಸ್ ಬಳಸೋ ಹೊಸಬರಿಗೂ ಆಗುತ್ತೆ, ಅದಕ್ಕೇ ಅಲ್ಲಿ ವೇಟ್ ಅಂತ ಒಂದು ಫಂಕ್ಷನ್ ಇದೆ.

ಉದಾಹರಣೆ ಕೋಡ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಡಾಕ್ಯುಮೆಂಟ್ ಒಳಗೆ ಅರ್ಧ ಬರೆದ ಕೋಡ್ ತುಣುಕು ಹಾಕಬೇಡಿ, ಎಕ್ಸಾಂಪಲ್ಸ್ ಫೋಲ್ಡರಲ್ಲಿ ಪೂರ್ತಿ ಪ್ರೋಗ್ರಾಂ ಇಟ್ಟು ಅದನ್ನೇ ಪೇಜಿಗೆ ಎಳೆದು ತೋರಿಸಿ, ಡಾಕ್ಸಿಜೆನ್‌ನಲ್ಲಿ ಅದಕ್ಕೆ ಕಮಾಂಡ್ ಇದೆ, ಪ್ರತಿ ಬಿಲ್ಡಲ್ಲೂ ಅದು ಕಂಪೈಲ್ ಆಗ್ಲಿ. ಮೊದಲನೇ ಉದಾಹರಣೆ 440 ಹರ್ಟ್ಸ್ ಸೈನ್ ಟೋನ್ ಎರಡು ಸೆಕೆಂಡ್ ಆಡಿಸೋದಿರ್ಲಿ, ವಾಲ್ಯೂಮ್ 0.2 ಇಡಿ, ಹೆಡ್‌ಫೋನ್ ಹಾಕ್ಕೊಂಡಿರೋರ ಕಿವಿ ಹರಿಯೋದು ಬೇಡ. ಎರಡನೇದು ಐದು ಸೆಕೆಂಡ್ ರೆಕಾರ್ಡ್ ಮಾಡಿ ವಾಪಸ್ ಕೇಳಿಸೋದು. ಮೂರನೇದು ಸಿಸ್ಟಮ್ಮಲ್ಲಿರೋ ಡಿವೈಸುಗಳ ಹೆಸರು, ಚಾನೆಲ್ ಸಂಖ್ಯೆ, ಡಿಫಾಲ್ಟ್ ಸ್ಯಾಂಪಲ್ ರೇಟ್ ಪ್ರಿಂಟ್ ಮಾಡೋದು. ಡಿವೈಸ್ ನಂಬರ್ ಯುಎಸ್‌ಬಿ ಮೈಕ್ ಕಿತ್ತು ಹಾಕಿದ್ರೆ ಬದಲಾಗುತ್ತೆ, ಅದನ್ನ ಸೇವ್ ಮಾಡಿಟ್ಟುಕೋಬೇಡಿ ಅಂತ ಅದರ ಪಕ್ಕದಲ್ಲೇ ಬರೀರಿ. ಯಾರಾದ್ರೂ ದೂರು ತಂದ್ರೆ ಮೊದಲು ಈ ಮೂರನೇ ಪ್ರೋಗ್ರಾಂ ಓಡಿಸಿ ಬಂದಿದ್ದನ್ನ ಅಂಟಿಸಿ ಅಂತ ಕೇಳಿ, ಅರ್ಧ ಜನಕ್ಕೆ ಅದನ್ನ ಓದಿದಾಗಲೇ ತಾವು ಬೇರೆ ಮೈಕಿಗೆ ಮಾತಾಡ್ತಿದ್ವಿ ಅಂತ ಗೊತ್ತಾಗಿ ಅವರೇ ವಾಪಸ್ ಹೋಗ್ತಾರೆ.