ಕಡಿಮೆ ಬೆಲೆಯ ಲ್ಯಾಪ್‌ಟಾಪ್: ಒಳ್ಳೆಯ ಸ್ಕ್ರೀನ್ ಮುಖ್ಯವೋ, ಹೆಚ್ಚು ರ‍್ಯಾಮ್ ಮುಖ್ಯವೋ?

ಒಂದೇ ಬೆಲೆಗೆ ಈ ಎರಡು ಬಗೆಯ ಲ್ಯಾಪ್‌ಟಾಪ್‌ಗಳೂ ಸಿಗುತ್ತಿದ್ದರೆ ಸ್ಕ್ರೀನ್ ಚೆನ್ನಾಗಿರುವುದನ್ನೇ ಕೊಳ್ಳಿ. ಸ್ಲಾಟ್ ಇದ್ದರೆ ರ‍್ಯಾಮ್, ಫೈಲ್ ಉಳಿಸುವ ಎಸ್‌ಎಸ್‌ಡಿ ಆಮೇಲೂ ಹಾಕಿಸಬಹುದು. ಸ್ಕ್ರೀನಿನ ಪ್ಯಾನೆಲ್ ಹಾಗಲ್ಲ: 1366×768 ಪಿಕ್ಸೆಲ್‌ನದನ್ನು ತೆಗೆದು 1920×1080 ಕೂರಿಸಲು ಹೋದರೆ ಕೆಲವು ಮಾದರಿಗಳಲ್ಲಿ ಒಳಗಿನ ಕೇಬಲ್ ಅಷ್ಟು ಡೇಟಾ ಸಾಗಿಸಲಾರದು, ಅದನ್ನೂ ಬದಲಿಸಬೇಕಾಗುತ್ತದೆ. ಆದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿ 4 ಜಿಬಿಗೆ ನಿಂತಿದ್ದರೆ ಆ ಯಂತ್ರ ಬೇಡವೇ ಬೇಡ.

‘ಫುಲ್ ಎಚ್‌ಡಿ’ ಎಂಬ ಚೀಟಿ ನೋಡಿ ಮೋಸಹೋಗಬೇಡಿ. ಅದು ಪಿಕ್ಸೆಲ್ ಲೆಕ್ಕ (1920×1080) ಮಾತ್ರ. ಪ್ಯಾನೆಲ್ ಟಿಎನ್ ಎಂಬ ಅಗ್ಗದ ಬಗೆಯದಾಗಿದ್ದರೆ ಮುಚ್ಚಳ ಸ್ವಲ್ಪ ವಾಲಿಸಿದರೂ ಬಣ್ಣ ಕೆಡುತ್ತದೆ. ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆಯಾದ ಐಪಿಎಸ್ ಎಂದು ಸ್ಪಷ್ಟವಾಗಿ ಬರೆದಿರಲಿ. 15.6 ಇಂಚಿನಲ್ಲಿ 1366×768 ಎಂದರೆ ಇಂಚಿಗೆ ಸುಮಾರು 100 ಪಿಕ್ಸೆಲ್, 1920×1080 ಎಂದರೆ ಸುಮಾರು 141. ಕನ್ನಡದ ಒತ್ತಕ್ಷರಗಳನ್ನು ಸಣ್ಣ ಗಾತ್ರದಲ್ಲಿ ಓದುವವರಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಹೊಳಪು 250 ನಿಟ್ಸ್ ಇದ್ದರೆ ಮನೆಯೊಳಗೆ ಸಾಕು, ಕಿಟಕಿ ಪಕ್ಕ ಕೂರುವವರಿಗೆ 300 ಬೇಕು. ಈ ದರ್ಜೆಯಲ್ಲಿ ಸಾಮಾನ್ಯವಾಗಿ ಸಿಗುವ ‘45% ಎನ್‌ಟಿಎಸ್‌ಸಿ’ (ಎಷ್ಟು ಬಣ್ಣ ತೋರಿಸಬಲ್ಲದು ಎಂಬ ಅಳತೆ) ಪ್ಯಾನೆಲ್‌ನಲ್ಲಿ ಕೆಂಪು ಮಂಕಾಗಿ ಕಾಣುತ್ತದೆ. ಬರವಣಿಗೆ, ಕೋಡಿಂಗ್‌ಗೆ ಅಡ್ಡಿಯಿಲ್ಲ. ಫೋಟೊ ತಿದ್ದುವವರು 100% ಎಸ್‌ಆರ್‌ಜಿಬಿ (ಬಣ್ಣಗಳ ಇನ್ನೊಂದು ಅಳತೆ) ಹತ್ತಿರ ಇರುವುದನ್ನೇ ಕೇಳಿ.

ಕೊಳ್ಳುವ ಮುನ್ನ ಕತ್ತಲೆ ದೃಶ್ಯದ ಒಂದು ಫೋಟೊ ತೆರೆದು ಮುಚ್ಚಳ ಹಿಂದೆ ಮುಂದೆ ವಾಲಿಸಿ, ಬಣ್ಣ ಕೆಡುತ್ತದೆಯೇ ನೋಡಿ. ನಂತರ ಹೊಳಪನ್ನು 30%ಕ್ಕೆ ಇಳಿಸಿ ಮೊಬೈಲ್ ಕ್ಯಾಮೆರಾದಲ್ಲಿ ಪರದೆ ನೋಡಿ: ದಪ್ಪ ಕಪ್ಪು ಪಟ್ಟಿಗಳು ಹರಿದರೆ ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಮಿನುಗುತ್ತಿರಬಹುದು, ಕೆಲವರಿಗೆ ಇದರಿಂದ ಕಣ್ಣು ನೋಯುತ್ತದೆ.